ಮನೆಯ ವರ್ಕ್‌ಶಾಪ್‌ನಲ್ಲಿ ಸ್ಕೀ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದ ಹಲಗೆ) ಮಾಡಬಹುದೇ? ಪದರಗಳನ್ನು ಒತ್ತಿ ಹಿಡಿಯುವ ಪ್ರೆಸ್ ಇಲ್ಲದೆ ಆಗುತ್ತದೆಯೇ?

ಆಗುತ್ತದೆ. ಮರಗೆಲಸ ಬರುತ್ತದೆ, ರೂಟರ್ ಮತ್ತು ಗರಗಸ ಇವೆ, ಆದರೆ ಎಪಾಕ್ಸಿ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ಕೆಲಸ ಹೊಸದು, ಪ್ರೆಸ್ ಕೂಡ ಇಲ್ಲ ಎಂದು ಬರೆದಿದ್ದೀರಿ. ಪ್ರೆಸ್ಸಿನ ಚಿಂತೆ ಬಿಡಿ, ಎಪಾಕ್ಸಿಯ ಚಿಂತೆ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡಿದ ಸ್ಕೀ ಹಾಳಾಗುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ: ಪದರಗಳ ಮೈ ಸರಿಯಾಗಿ ತಯಾರಾಗದೆ ಅಂಟು ಬಿಡುತ್ತದೆ, ಇಲ್ಲವೇ ಕೋರ್‌ನ, ಅಂದರೆ ಒಳಗಿನ ಮರದ ತಿರುಳಿನ, ದಪ್ಪ ಎಲ್ಲೋ ತಪ್ಪಿರುತ್ತದೆ.

ದಪ್ಪ ರಬ್ಬರ್ ಹೋಸ್‌ಗೆ ಗಾಳಿ ತುಂಬಿ ಒತ್ತುವ ಪ್ರೆಸ್‌ನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 4 ಕೆಜಿ ಒತ್ತಡ ಸಿಗುತ್ತದೆ. ಒಂದು ಸ್ಕೀಯ ಮೈ ಹತ್ತಿರ ಹತ್ತಿರ 2000 ಚದರ ಸೆಂಟಿಮೀಟರ್. ಅಂದರೆ 8 ಟನ್ ಬಲ. ಅದನ್ನು ತಡೆಯುವ ಉಕ್ಕಿನ ಚೌಕಟ್ಟನ್ನು ಸರಿಯಾಗಿ ಕಟ್ಟದಿದ್ದರೆ ಪ್ರಾಣಕ್ಕೇ ಅಪಾಯ. ಪಂಪ್‌ನಿಂದ ಗಾಳಿ ಹೊರಗೆಳೆದು ಪದರಗಳನ್ನು ಒತ್ತುವ ವ್ಯಾಕ್ಯೂಮ್ ಚೀಲದಲ್ಲಿ ಸಿಗುವುದು 0.9 ಕೆಜಿ ಅಷ್ಟೆ. ಒಳ್ಳೆಯ ಸ್ಕೀಗೆ ಅದು ಸಾಕು, ಆದರೆ ಕೋರ್ ಅಚ್ಚಿನ ಮೇಲೆ ಬಿಗಿಯಿಲ್ಲದೆ ಕೂರುವಂತಿರಬೇಕು. ಡೊಂಕಾಗಿರುವ ಕೋರನ್ನು ಎಳೆದು ನೆಟ್ಟಗೆ ಮಾಡುವ ಶಕ್ತಿ ಚೀಲಕ್ಕಿಲ್ಲ.

ಮೊದಲು ಆಕಾರ. 180 ಸೆಂ.ಮೀ. ಉದ್ದ, ಮುಂದೆ 130, ನಡುವೆ 100, ಹಿಂದೆ 120 ಮಿ.ಮೀ. ಅಗಲ ಇಟ್ಟುಕೊಳ್ಳಿ. ತಿರುವಿನ ತ್ರಿಜ್ಯ ತಿಳಿಯಲು ಮುಂದಿನ ಮತ್ತು ಹಿಂದಿನ ಅಗಲ ಕೂಡಿಸಿ, ನಡುವಿನ ಅಗಲದ ಎರಡರಷ್ಟನ್ನು ಕಳೆಯಿರಿ, ಬಂದದ್ದನ್ನು ಎರಡರಿಂದ ಗುಣಿಸಿ. ಎರಡು ತುದಿಗಳ ಅತಿ ಅಗಲದ ಜಾಗಗಳ ನಡುವಿನ ದೂರದ ವರ್ಗವನ್ನು ಅದರಿಂದ ಭಾಗಿಸಿ. ಆ ದೂರ 1.5 ಮೀಟರ್ ಇದ್ದರೆ 2.25 ಭಾಗಿಸು 0.1 (100 ಮಿ.ಮೀ. ಎಂದರೆ 0.1 ಮೀಟರ್), ಅಂದರೆ 22.5 ಮೀಟರ್. ಚುರುಕಾಗಿ ತಿರುಗಬೇಕೆಂದರೆ ನಡು ಇನ್ನಷ್ಟು ಕಿರಿದಾಗಲಿ. ಈ ಆಕಾರವನ್ನು 6 ಮಿ.ಮೀ. ಹಲಗೆಯಲ್ಲಿ ಟೆಂಪ್ಲೇಟ್ ಆಗಿ ಕತ್ತರಿಸಿಕೊಂಡರೆ ತಳದ ಹಾಳೆ, ಕೋರ್, ಪಕ್ಕದ ಪಟ್ಟಿ ಎಲ್ಲಕ್ಕೂ ಅದೇ ಆಧಾರ. ಅಚ್ಚಿನ ಪಕ್ಕೆಗಳನ್ನೂ (ಸ್ಕೀಯ ಬಾಗಿನಂತೆ ಕತ್ತರಿಸಿ ಪಕ್ಕಪಕ್ಕ ನಿಲ್ಲಿಸುವ ಹಲಗೆಗಳು) ಹೀಗೆಯೇ ಮಾಡಿ: ಒಂದನ್ನು ಕಣ್ಣಿಗೂ ಕೈಗೂ ನುಣುಪಾಗಿ ತಿದ್ದಿ, ಉಳಿದವನ್ನು ಬೇರಿಂಗ್ ಇರುವ ರೂಟರ್ ಬಿಟ್‌ನಿಂದ ನಕಲು ತೆಗೆಯಿರಿ. ಪಕ್ಕೆಗಳ ನಡುವೆ ಸಂದು ಬಿಟ್ಟರೆ ಚೀಲ ಒಳಗೆ ಎಳೆದುಕೊಂಡು ಹರಿಯುತ್ತದೆ, ಆದ್ದರಿಂದ ಒತ್ತೊತ್ತಾಗಿ ಜೋಡಿಸಿ. ನಡುವಿನ ಉಬ್ಬು 8ರಿಂದ 10 ಮಿ.ಮೀ. ಇರಲಿ. ಅಚ್ಚಿನಿಂದ ಹೊರಬಂದ ಮೇಲೆ ಅದರಲ್ಲಿ ಸ್ವಲ್ಪ ಇಳಿಯುವುದು ಸಹಜ.

ಕೋರ್‌ಗೆ ಪಾಪ್ಲರ್, ಆಶ್, ಮೇಪಲ್, ಬಿದಿರು ಎಲ್ಲವೂ ನಡೆಯುತ್ತವೆ. ಹಗುರ ಬೇಕೆಂದರೆ ಪಾಪ್ಲರ್ ಹೆಚ್ಚು ಹಾಕಿ, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ) ಸ್ಕ್ರೂ ಬೀಳುವ ಸಾಲುಗಳಲ್ಲಿ ಆಶ್ ಅಥವಾ ಮೇಪಲ್ ಪಟ್ಟಿ ಇಡಿ. ಮರದ ತೇವಾಂಶ 6ರಿಂದ 8 ಶೇಕಡಾ ಒಳಗಿರಬೇಕು. 10ರಿಂದ 20 ಮಿ.ಮೀ. ಅಗಲದ ಪಟ್ಟಿಗಳನ್ನು ನಿಲ್ಲಿಸಿ, ಎಳೆಗಳ ದಿಕ್ಕು ಒಂದು ಬಿಟ್ಟು ಒಂದು ತಿರುಗಿಸಿ, ನೀರು ತಡೆಯುವ ಮರದಂಟಿನಿಂದ ಒಂದೇ ದೊಡ್ಡ ಗಟ್ಟಿ ಮಾಡಿ. ಎರಡೂ ಸ್ಕೀಗಳ ಕೋರ್ ಅದೇ ಗಟ್ಟಿಯಿಂದ ಬರಲಿ. ಬೇರೆ ಬೇರೆ ಮರದಿಂದ ಮಾಡಿದ ಎಡ ಬಲ ಎಂದೂ ಜೋಡಿಯಾಗುವುದಿಲ್ಲ. ಗಂಟು ಇರುವ, ಎಳೆ ಓರೆಯಾಗಿ ಹೊರಗೆ ಓಡುವ ಪಟ್ಟಿಯನ್ನು ಎಷ್ಟೇ ಚೆನ್ನಾಗಿ ಕಂಡರೂ ಪಕ್ಕಕ್ಕಿಡಿ.

ದಪ್ಪದ ವಿಷಯಕ್ಕೆ ಬರೋಣ. 70 ಕೆಜಿ ತೂಕದವರ 180 ಸೆಂ.ಮೀ. ಸ್ಕೀಗೆ ನಡುವೆ 11 ಮಿ.ಮೀ., ಎರಡು ತುದಿಗಳಲ್ಲಿ 2 ಮಿ.ಮೀ. ಒಳ್ಳೆಯ ಆರಂಭ. ಮರದ ಬಿಗಿತ ದಪ್ಪದ ಘನಕ್ಕೆ ಅನುಗುಣ, ಕೋರ್‌ನ ಕೆಳಗೂ ಮೇಲೂ ಬರುವ ಗಾಜಿನ (ಫೈಬರ್‌ಗ್ಲಾಸ್) ಪದರಗಳ ಕೊಡುಗೆ ಅವುಗಳ ನಡುವಿನ ಅಂತರದ ವರ್ಗಕ್ಕೆ. ಹಾಗಾಗಿ 11 ಇದ್ದದ್ದು 12 ಆದರೆ ಬಿಗಿತ 20ರಿಂದ 30 ಶೇಕಡಾ ಏರುತ್ತದೆ. ಪ್ರತಿ 10 ಸೆಂ.ಮೀ.ಗೆ ಕ್ಯಾಲಿಪರ್ ಹಿಡಿದು ಅಳೆಯಿರಿ. ಎಡ ಬಲದ ವ್ಯತ್ಯಾಸ 0.2 ಮಿ.ಮೀ. ದಾಟಬಾರದು. ಬೈಂಡಿಂಗ್ ಕೂರುವ 45 ಸೆಂ.ಮೀ. ಒಂದೇ ದಪ್ಪ ಇರಲಿ, ಅಲ್ಲಿಂದ ನಿಧಾನವಾಗಿ ಇಳಿಯಲಿ. ಬೂಟಿನ ಮುಂದೆ ಒಮ್ಮೆಲೇ ತೆಳುವಾದರೆ ಸ್ಕೀ ಅಲ್ಲಿ ಬಾಗಿಲ ಕೀಲಿನಂತೆ ಮಡಚಿಕೊಳ್ಳುತ್ತದೆ, ಮುರಿಯುವುದೂ ಅಲ್ಲೇ. ಕೈ ಕೀಸುಳಿಯಿಂದ ಇದನ್ನು ಸಾಧಿಸಬಹುದು, ಆದರೆ ಬೇಸರದ ಕೆಲಸ. ಎರಡು ಇಳಿಜಾರು ಹಳಿಗಳ ಮೇಲೆ ರೂಟರ್ ಓಡಿಸುವ ಚೌಕಟ್ಟು ಅರ್ಧ ದಿನದಲ್ಲಿ ಆಗುತ್ತದೆ, ಎರಡು ಕೋರ್ ಒಂದೇ ತರಹ ಬರುತ್ತವೆ. ಎಬಿಎಸ್ ಪ್ಲಾಸ್ಟಿಕ್‌ನ ಪಕ್ಕದ ಪಟ್ಟಿಗಳನ್ನು 60ರ ಉಪ್ಪುಕಾಗದದಲ್ಲಿ ಚೆನ್ನಾಗಿ ಗೀರಿ, ಈ ಇಳಿಜಾರು ತೆಗೆಯುವ ಮೊದಲೇ ಕೋರ್‌ಗೆ ಎಪಾಕ್ಸಿಯಿಂದ ಅಂಟಿಸಿಬಿಡಿ.

ತಳದ ಹಾಳೆ ಪಾಲಿಎಥಿಲೀನ್. ಅದಕ್ಕೆ ಏನೂ ಅಂಟುವುದಿಲ್ಲ. ಹಿಮದ ಮೇಲೆ ಜಾರಲು ಅದನ್ನು ಬಳಸುವುದಕ್ಕೆ ಇದೂ ಒಂದು ಕಾರಣ ತಾನೇ. ಅಂಟಿಸುವ ಬದಿಯನ್ನು ಕಾರ್ಖಾನೆಯಲ್ಲೇ ಜ್ವಾಲೆಯಿಂದ ಹದ ಮಾಡಿ ಮಾರುತ್ತಾರೆ. ಆ ಬದಿಗೆ ಬರಿಗೈ ತಾಗಿಸಬೇಡಿ. ಒಂದು ಮೂಲೆಗೆ ನೀರು ಹಾಕಿ ನೋಡಿ: ನೀರು ಹರಡಿದರೆ ಸರಿ, ಮಣಿಯಾಗಿ ನಿಂತರೆ ಹದ ಹೋಗಿದೆ. ಆಗ ಪ್ರೊಪೇನ್ ಟಾರ್ಚ್‌ನ ನೀಲಿ ಜ್ವಾಲೆಯನ್ನು ನಿಲ್ಲಿಸದೆ ಸರಸರನೆ ಆಡಿಸಿ, ಮತ್ತೆ ನೀರಿನ ಪರೀಕ್ಷೆ ಮಾಡಿ. ಹಾಳೆ ಹೊಳೆಯತೊಡಗಿದರೆ ಬಿಸಿ ಹೆಚ್ಚಾಯಿತು.

ಹಾಳೆಯನ್ನು ಟೆಂಪ್ಲೇಟ್‌ಗಿಂತ ಎರಡೂ ಕಡೆ ಉಕ್ಕಿನ ಅಂಚುಪಟ್ಟಿಯ ಅಗಲದಷ್ಟು, ಸುಮಾರು 2 ಮಿ.ಮೀ., ಒಳಗೆ ಕತ್ತರಿಸಿ. ಕೊಳ್ಳುವಾಗಲೇ ಅಂಚುಪಟ್ಟಿಯ ಮೆಟ್ಟಿಲಿನ ಎತ್ತರ ಮತ್ತು ಹಾಳೆಯ ದಪ್ಪ ಹೊಂದಬೇಕು: 1.2 ಮಿ.ಮೀ.ಗೆ 1.2, 1.4ಕ್ಕೆ 1.4. ಅಂಚನ್ನು ಮುಂತುದಿಯ ಬಾಗಿಗೆ ತಣ್ಣಗೆ, ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ಬಗ್ಗಿಸುವಾಗ ಅದರ ಒಳಬದಿಯ ಹಲ್ಲುಗಳು ಮೇಲೇಳುತ್ತವೆ, ತಟ್ಟಿ ಸಮ ಮಾಡಿ. 80ರ ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಸುಮಾರು 5 ಸೆಂ.ಮೀ.ಗೊಂದು ಹನಿ ಸೂಪರ್ ಗ್ಲೂ ಹಾಕಿ ಹಾಳೆಗೆ ಕೂರಿಸಿ. ಹನಿ ಹೆಚ್ಚಾಗಿ ಹಲ್ಲುಗಳ ಮೇಲೆ ಹರಡಿದರೆ ಎಪಾಕ್ಸಿ ಹಿಡಿಯುವುದು ಉಕ್ಕನ್ನಲ್ಲ, ಆ ಗ್ಲೂವನ್ನು.

ಪದರಗಳ ಕ್ರಮ ಕೆಳಗಿನಿಂದ ಹೀಗೆ: ಅಂಚು ಸಹಿತ ತಳದ ಹಾಳೆ, ಅಂಚಿನ ಹಲ್ಲುಗಳ ಮೇಲೆ ತೆಳು ರಬ್ಬರ್ ಪಟ್ಟಿ, ಚದರ ಮೀಟರಿಗೆ 750 ಗ್ರಾಂ ತೂಗುವ ಮೂರು ದಿಕ್ಕಿನ ಫೈಬರ್‌ಗ್ಲಾಸ್ ಬಟ್ಟೆ, ಕೋರ್, ಮತ್ತೊಂದು ಗಾಜಿನ ಬಟ್ಟೆ, ಮೇಲೆ ನೈಲಾನ್ ಹಾಳೆ. ರಬ್ಬರ್ ಬಿಡಬೇಡಿ. ಉಕ್ಕು ಮತ್ತು ಗಾಜು ಚಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ, ಕಲ್ಲಿಗೆ ತಾಗಿದ ಪೆಟ್ಟೂ ಅಲ್ಲೇ ಬೀಳುತ್ತದೆ. ಎರಡನ್ನೂ ಹೀರುವುದು ಆ ಪಟ್ಟಿ.

ಜೋಡಿಗೆ 1.1ರಿಂದ 1.2 ಕೆಜಿ ಎಪಾಕ್ಸಿ ಬೇಕು. 25 ಡಿಗ್ರಿಯಲ್ಲಿ ಒಂದು ಗಂಟೆಯಾದರೂ ಕೆಲಸಕ್ಕೆ ಬರುವ ನಿಧಾನದ ಹಾರ್ಡನರ್ (ಎಪಾಕ್ಸಿಯನ್ನು ಗಟ್ಟಿ ಮಾಡುವ ಎರಡನೇ ದ್ರವ) ತೆಗೆದುಕೊಳ್ಳಿ, ತಕ್ಕಡಿಯಲ್ಲೇ ತೂಗಿ, 300 ಗ್ರಾಂ ಮೀರದಂತೆ ಕಲಸಿ. ಇಡೀ ಕಿಲೋ ಒಂದೇ ಡಬ್ಬದಲ್ಲಿ ಕಲಸಿದರೆ ತನ್ನ ಬಿಸಿಗೆ ತಾನೇ ಹೊಗೆಯಾಡಿ ಗಟ್ಟಿಯಾಗುತ್ತದೆ. ನೈಟ್ರೈಲ್ ಕೈಗವಸು ಹಾಕಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಬಂದರೆ ಹೋಗುವುದಿಲ್ಲ. ಚರ್ಮಕ್ಕೆ ತಾಗಿದ್ದನ್ನು ಸೋಪು ನೀರಿನಿಂದ ತೊಳೆಯಿರಿ, ಅಸಿಟೋನ್‌ನಿಂದಲ್ಲ.

ಒದ್ದೆ ಪದರಗಳು ಒಂದರ ಮೇಲೊಂದು ಜಾರುತ್ತವೆ. ಕೋರ್ ನಾಲ್ಕು ಮಿ.ಮೀ. ಪಕ್ಕಕ್ಕೆ ಸರಿದರೆ ಒಂದು ಕಡೆ ಅಂಚಿನ ಮೇಲೆ ಪಕ್ಕದ ಪಟ್ಟಿಯೇ ಇರುವುದಿಲ್ಲ. ಇದಕ್ಕೆ ಪರಿಹಾರ ಸುಲಭ: ತಳದ ಹಾಳೆ ಮತ್ತು ಕೋರ್ ಎರಡನ್ನೂ ಉದ್ದ ಬಿಟ್ಟು, ಸ್ಕೀಯ ಆಕಾರದ ಹೊರಗೆ ಮುಂದೊಂದು ಹಿಂದೊಂದು ತೂತು ಕೊರೆದು, ಅಚ್ಚಿನಲ್ಲಿ ನಿಲ್ಲಿಸಿದ 6 ಮಿ.ಮೀ. ಗೂಟಕ್ಕೆ ಸಿಕ್ಕಿಸಿ. ಗೂಟದ ತಲೆ ಚೀಲ ಚುಚ್ಚದಂತೆ ಬಟ್ಟೆ ಸುತ್ತಿ. ಎಪಾಕ್ಸಿ ಇಲ್ಲದೆ ಒಮ್ಮೆ ಎಲ್ಲವನ್ನೂ ಜೋಡಿಸಿ, ಚೀಲ ಮುಚ್ಚಿ, ಗಾಳಿ ಎಳೆದು ನೋಡಿ. ಪಂಪ್ ನಿಲ್ಲಿಸಿದಾಗ ಮಾಪಕದ ಮುಳ್ಳು ಬೇಗ ಇಳಿದರೆ ಸೋರಿಕೆಯನ್ನು ಆಗಲೇ ಹುಡುಕಬೇಕು.

ಬೇಗ ಗಟ್ಟಿಯಾಗಲೆಂದು ಬಿಸಿ ಹೊದಿಕೆ ಹಾಕುವ ಆಸೆ ಬೇಡ. ಪಾಲಿಎಥಿಲೀನ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬಿಸಿಯಲ್ಲಿ ಅಂಟಿ ತಣ್ಣಗಾದಾಗ ತಳ ಕುಗ್ಗಿ, ಅಂಚುಗಳು ಎತ್ತರ ಉಳಿದು ನಡು ತಗ್ಗಾಗುತ್ತದೆ. ಅಂಥ ಸ್ಕೀ ಹಿಮದಲ್ಲಿ ಹಳಿಯ ಮೇಲೆ ಸಿಕ್ಕಿಕೊಂಡಂತೆ ನೇರ ಹೋಗುತ್ತದೆ, ತಿರುಗಿಸಲು ಬಿಡುವುದಿಲ್ಲ. 25 ಡಿಗ್ರಿಯ ಕೋಣೆ, 24 ಗಂಟೆ ಚೀಲದಲ್ಲಿ, ನಂತರ ಒಂದು ವಾರ ಹಾಗೆಯೇ ಬಿಡಿ.

ಕತ್ತರಿಸುವಾಗ ಜಿಗ್ಸಾ ಅಂಚಿನಿಂದ 3 ಮಿ.ಮೀ. ಹೊರಗೆ ಓಡಲಿ, ಉಳಿದದ್ದನ್ನು ಬೆಲ್ಟ್ ಸ್ಯಾಂಡರ್‌ನಿಂದ ತೆಗೆಯಿರಿ. ಗಾಜಿನ ಧೂಳಿಗೆ ತಕ್ಕ ಫಿಲ್ಟರ್ ಇರುವ ಮುಖವಾಡ ಬೇಕೇ ಬೇಕು. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ, ಆದ್ದರಿಂದ ಉಕ್ಕು ಬೆರಳಿಗೆ ಸುಡುವಂತಾದರೆ ನಿಲ್ಲಿಸಿ. ಮೇಣ ಹಾಕುವ ಇಸ್ತ್ರಿಗೂ ಇದೇ ಮಾತು: ಒಂದೇ ಕಡೆ ನಿಲ್ಲಬಾರದು. ಪಕ್ಕದ ಪಟ್ಟಿಗೆ 10 ಡಿಗ್ರಿ ಓರೆ ಕೊಡಿ, ಅಂಚನ್ನು ಅರದಿಂದ ತಳದ ಕಡೆ 1, ಪಕ್ಕದ ಕಡೆ 2 ಡಿಗ್ರಿಗೆ ತನ್ನಿ. ಬಳಿಕ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಸದ್ದು ಟೊಳ್ಳಾದ ಕಡೆ ಪದರ ಹಿಡಿದಿಲ್ಲ. ಅದು ಬೂಟಿನ ಕೆಳಗಿದ್ದರೆ ಆ ಸ್ಕೀಯನ್ನು ಬಳಸಬೇಡಿ.

ಬೈಂಡಿಂಗ್‌ಗೆ 3.6 ಮಿ.ಮೀ. ಬಿಟ್, 9 ಮಿ.ಮೀ. ಆಳ, ತಡೆಪಟ್ಟಿ ಇರುವ ಡ್ರಿಲ್. ತೂತಿಗೆ ನೀರು ತಡೆಯುವ ಅಂಟು ಹಾಕಿ ಸ್ಕ್ರೂ ಬಿಗಿಯಿರಿ, ಇಲ್ಲದಿದ್ದರೆ ಕರಗಿದ ಹಿಮ ಕೋರ್‌ಗೆ ಇಳಿದು ಮರ ಕೊಳೆಯುತ್ತದೆ. ಬೂಟು ಬಿಡುಗಡೆಯ ಸೆಟ್ಟಿಂಗ್ ಮಾತ್ರ ತರಬೇತಾದ ತಂತ್ರಜ್ಞರ ಯಂತ್ರದಲ್ಲೇ ಪರೀಕ್ಷಿಸಿಕೊಳ್ಳಿ.