ಬೋರ್‌ನಲ್ಲಿ ಗ್ಯಾಪ್ ಸಿಕ್ಕರೆ ಖುಷಿ, ಗಣಿಯಲ್ಲಿ ಸಿಕ್ಕರೆ?

ಪ್ರಶ್ನೆ: ನಮ್ಮದು ಚಳ್ಳಕೆರೆ. ಅಪ್ಪ ಬೋರ್‌ವೆಲ್ ಲಾರಿಯಲ್ಲಿದ್ದವರು, ಹ್ಯಾಮರ್ ಸದ್ದು ಕೇಳಿಯೇ ಕೆಳಗೆ ಎಂಥ ಕಲ್ಲಿದೆ ಅಂತ ಹೇಳುತ್ತಿದ್ದರು. ನಾನೀಗ ತೆಲಂಗಾಣದ ಕಲ್ಲಿದ್ದಲು ಗಣಿಯೊಂದರಲ್ಲಿ ಟ್ರೈನಿ. ರೂಫ್ ಬೋಲ್ಟ್‌ಗೆ (ಗಣಿಯ ಚಾವಣಿ ಕಲ್ಲು ಕುಸಿಯದಂತೆ ಮೇಲಕ್ಕೆ ತೂರಿಸಿ ಬಿಗಿಯುವ ಕಬ್ಬಿಣದ ಸರಳು) ತೂತು ಕೊರೆಯುವಾಗ ಸಿಗುವ ಅಂಕಿಗಳಿಂದ ಮೇಲಿನ ಕಲ್ಲಿನ ಗುಣ ತಿಳಿಯುತ್ತದಂತೆ. ನಂಬಬಹುದಾ?

ಉತ್ತರ: ನಂಬಬಹುದು, ಆದರೆ ಕಣ್ಣು ಮುಚ್ಚಿಕೊಂಡು ಬೇಡ. ನೆಲದ ಮೇಲಿಂದ ಕೋರ್, ಅಂದರೆ ಕಂಬದಂಥ ಕಲ್ಲಿನ ಮಾದರಿ, ತೆಗೆಯುವ ಬೋರ್‌ಗಳು ನೂರಾರು ಮೀಟರ್ ದೂರದೂರ ಇರುತ್ತವೆ, ನಡುವಿನದ್ದೆಲ್ಲ ಅಂದಾಜು. ಬೋಲ್ಟ್ ತೂತಾದರೆ ಮೀಟರ್, ಒಂದೂವರೆ ಮೀಟರಿಗೊಂದು ಹೇಗೂ ಕೊರೆಯಲೇಬೇಕು. ಮಾಹಿತಿ ಪುಕ್ಕಟೆ, ಅಲ್ವಾ?

ಸೆನ್ಸರ್ ಇರುವ ಮಷಿನ್ ಬರೆದಿಡುವುದು ಮುಖ್ಯವಾಗಿ ನಾಲ್ಕು: ಬಿಟ್ (ಕೊರೆಯುವ ತುದಿ) ಒತ್ತುವ ಬಲ, ಟಾರ್ಕ್ (ತಿರುಗಿಸುವ ಬಲ), ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಬೇಗ ಒಳಗೆ ಹೋಯಿತು. ಗಟ್ಟಿ ಮರಳುಗಲ್ಲಿನಲ್ಲಿ ಎಷ್ಟು ಒತ್ತಿದರೂ ನಿಧಾನ, ಶೇಲ್‌ನಲ್ಲಿ (ಪದರ ಪದರವಾದ ಜೇಡಿಗಲ್ಲು) ಸರಾಗ. ಬರೀ ವೇಗ ನೋಡಬೇಡಿ, ಆಪರೇಟರ್ ಜಾಸ್ತಿ ಒತ್ತಿದರೂ ವೇಗ ಏರುತ್ತದೆ. ಇಷ್ಟು ಕಲ್ಲು ಪುಡಿಯಾಗಲು ಎಷ್ಟು ಶಕ್ತಿ ಹೋಯಿತು ಅಂತ ಲೆಕ್ಕ ಹಾಕಬೇಕು, ಟೀಲ್ ಎಂಬವರು 1965ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ.

ಇನ್ನು ಗ್ಯಾಪ್, ಅಂದರೆ ಕಲ್ಲಿನ ನಡುವಿನ ಬಿರುಕು. ಒತ್ತುವ ಬಲ ಪಟ್ಟನೆ ಇಳಿದು ಬಿಟ್ ಮುಂದಕ್ಕೆ ಜಿಗಿಯುತ್ತದೆ. ನಿಮ್ಮಪ್ಪ 'ಗ್ಯಾಪ್ ಸಿಕ್ತು' ಅಂದರೆ ಅಡಿಕೆ ತೋಟದವರ ಮುಖ ಅರಳುತ್ತಿತ್ತು, ನೀರು ಬಂತು ಅಂತ. ಇಲ್ಲಿ ಅದೇ ಗ್ಯಾಪ್ ಅಂದರೆ ಪದರಗಳು ಬಿಟ್ಟುಕೊಂಡಿವೆ ಅಂತ ಅನುಮಾನ. 1.8 ಮೀಟರ್ ತೂತಿನಲ್ಲಿ 1.6ಕ್ಕೆ ಗ್ಯಾಪ್ ಬಂದರೆ, ಆಚೆಯ ಕಲ್ಲಿನಲ್ಲಿ ಬೋಲ್ಟ್‌ಗೆ ಉಳಿಯುವ ಹಿಡಿತ 20 ಸೆಂ.ಮೀ. ಕೆಳಗಿನ ಅಷ್ಟೂ ಪದರ ಒಂದು ಗೇಣೂ ಇಲ್ಲದ ಹಿಡಿತಕ್ಕೆ ನೇತಾಡುತ್ತದೆ! ಅಕ್ಕಪಕ್ಕದ ತೂತುಗಳಲ್ಲೂ ಅದೇ ಎತ್ತರಕ್ಕೆ ಬಂತಾ ನೋಡಿ, ಬಂದರೆ ತಕ್ಷಣ ಮೇಲಿನವರಿಗೆ ಹೇಳಿ. ಸುಮ್ನೆ ಗ್ರಾಫ್ ನೋಡುತ್ತಾ ಕೂರಬೇಡಿ.

ಅಂಕಿ ಮೋಸ ಮಾಡುವುದು ಬಿಟ್ ಮೊಂಡಾದಾಗ. ಆಗ ಮೆತ್ತನೆಯ ಶೇಲ್ ಕೂಡ ಗಟ್ಟಿ ಮರಳುಗಲ್ಲಿನ ಹಾಗೆ ಕಾಣುತ್ತದೆ, ಅಪಾಯ ಇರುವ ಕಡೆಯೇ ಧೈರ್ಯ ಬಂದುಬಿಡುತ್ತದೆ. ಹಾಗಾಗಿ ಕೆಲವು ತೂತುಗಳಿಗೆ ಕ್ಯಾಮೆರಾ ಇಳಿಸಿ ಅಂಕಿ ಜೊತೆ ತಾಳೆ ನೋಡಬೇಕು, ಕ್ಷಮಿಸಿ, ಏರಿಸಿ, ನಮ್ಮ ಬೋರ್ ಭಾಷೆ ಬಾಯಿಗೆ ಬಂತು.

ನಿಮ್ಮಲ್ಲಿ ಸೆನ್ಸರ್ ಇಲ್ಲವಾ? ಪ್ರತಿ ಅಡಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ, ಬಿಟ್ ಬದಲಾಯಿಸಿದ್ದು ಎಷ್ಟನೇ ತೂತಿಗೆ ಅನ್ನುವುದನ್ನೂ.