ಓದುಗರ ಪ್ರಶ್ನೆ: ಟೆಸ್ಲಾ ಕಾಯಿಲ್‌ನ ಕಿಡಿ ಯಾವಾಗ ಆರಬೇಕು?

ಪ್ರಶ್ನೆ: 9,000 ವೋಲ್ಟ್, 30 ಮಿಲಿಆಂಪಿಯರ್‌ನ ಕಬ್ಬಿಣದ ಕೋರ್ ಇರುವ ನಿಯಾನ್ ಟ್ರಾನ್ಸ್‌ಫಾರ್ಮರ್, 15 ನ್ಯಾನೋಫ್ಯಾರಡ್ ಕೆಪಾಸಿಟರ್, ಆರು ತಾಮ್ರದ ಪೈಪುಗಳ ಸ್ಪಾರ್ಕ್ ಗ್ಯಾಪ್ (ಪೈಪುಗಳ ನಡುವಿನ ಸಂದುಗಳಲ್ಲಿ ಕಿಡಿ ಹಾರುವ ಸ್ವಿಚ್) ಸೇರಿಸಿ, ಕೃತಕ ಮಿಂಚು ಹಾರಿಸುವ ಟೆಸ್ಲಾ ಕಾಯಿಲ್ ಮಾಡಿದ್ದೇನೆ. ಗ್ಯಾಪ್‌ನಲ್ಲಿ ಸದ್ದು ಜೋರು, ಮೇಲಿನ ಮಿಂಚು ಮಾತ್ರ ಗೇಣುದ್ದ. ಕಾರಣ ಹುಡುಕಲು ಆಸಿಲೋಸ್ಕೋಪಿನ (ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಪ್ರೋಬನ್ನು ಎಲ್ಲಿ ಸಿಕ್ಕಿಸಬೇಕು?

ಉತ್ತರ: ಎಲ್ಲೂ ಸಿಕ್ಕಿಸಬೇಡಿ. ಸಾಮಾನ್ಯ ಪ್ರೋಬ್ ತಡೆಯುವುದು ಕೆಲವು ನೂರು ವೋಲ್ಟ್. ನಿಮ್ಮ ಟ್ರಾನ್ಸ್‌ಫಾರ್ಮರಿನ ಪೀಕ್ (ಅಲೆಯ ತುದಿಯ) ವೋಲ್ಟೇಜೇ 12,700. ಪ್ರೋಬಿನ ತುದಿಗೆ 30 ಸೆಂ.ಮೀ. ತಂತಿ ಕಟ್ಟಿ, ಮಿಂಚು ತಲುಪದಂತೆ ಕಾಯಿಲ್‌ನಿಂದ ಎರಡು ಮೂರು ಮೀಟರ್ ದೂರದಲ್ಲಿಡಿ. ಆಂಟೆನಾದಂತೆ ಅದು ಹಿಡಿಯುವ ಅಲೆಯೇ ಸಾಕು.

ಟೈಮ್‌ಬೇಸ್ (ಪರದೆಯ ಮೇಲಿನ ಸಮಯದ ಅಳತೆ) ಒಂದು ಚೌಕಕ್ಕೆ 10 ಮೈಕ್ರೋಸೆಕೆಂಡ್, ಟ್ರಿಗರ್ ಸಿಂಗಲ್ ಶಾಟ್ (ಒಂದು ಕಿಡಿಯ ಅಲೆಯನ್ನಷ್ಟೇ ಹಿಡಿದು ನಿಲ್ಲುವಂತೆ) ಇರಲಿ. ಕಾಯಿಲ್ 200 ಕಿಲೋಹರ್ಟ್ಸ್‌ನದು, ಕಪ್ಲಿಂಗ್ (ಕೆಪಾಸಿಟರಿಗೆ ಸೇರಿದ ಪ್ರೈಮರಿ ಸುರುಳಿಗೂ ಮಿಂಚು ಹೊಮ್ಮಿಸುವ ಸೆಕೆಂಡರಿ ಸುರುಳಿಗೂ ಇರುವ ಕಾಂತೀಯ ನಂಟು) 0.1 ಎಂದಿಟ್ಟುಕೊಳ್ಳಿ. ಕಿಡಿ ಹೊತ್ತಿದ ಮೇಲೆ ಐದು ಆವರ್ತನಗಳಲ್ಲಿ, ಅಂದರೆ 25 ಮೈಕ್ರೋಸೆಕೆಂಡಿನಲ್ಲಿ, ಪ್ರೈಮರಿಯ ಶಕ್ತಿಯೆಲ್ಲ ಸೆಕೆಂಡರಿಗೆ ಹೋಗುತ್ತದೆ. ಕಿಡಿ ಆರಬೇಕಾದ್ದು ಆ ಗಳಿಗೆಯಲ್ಲಿ. ಆರಿದರೆ ಪರದೆಯ ಮೇಲೆ ಒಂದೇ ದಿಬ್ಬ, ಆಮೇಲೆ ನಯವಾದ ಇಳಿಜಾರು. ಆರದಿದ್ದರೆ ಶಕ್ತಿ ಪ್ರೈಮರಿಗೆ ಮರಳಿ ಗ್ಯಾಪ್‌ನಲ್ಲೇ ಸುಡುತ್ತದೆ: ಎರಡು, ಮೂರು, ನಾಲ್ಕು ದಿಬ್ಬ. ಮನೆಯಲ್ಲಿ ಮಾಡಿದ ಗ್ಯಾಪ್ ಎರಡರಲ್ಲಿ ನಿಂತರೂ ಒಳ್ಳೆಯದೇ.

ದಿಬ್ಬ ಹೆಚ್ಚಿದ್ದರೆ ಮೊದಲು ಗಾಳಿ ಕೊಡಿ. ಕಾದ ತಾಮ್ರದ ನಡುವೆ ಅಯಾನುಗಳು ಉಳಿದರೆ ಕಿಡಿ ಆರುವುದಿಲ್ಲ. ಸಣ್ಣ ಬ್ಲೋವರ್ ಇದನ್ನು ಬಹುಪಾಲು ಸರಿಪಡಿಸುತ್ತದೆ. ಗುಳಿಬಿದ್ದ ಪೈಪುಗಳನ್ನು ಮರಳುಕಾಗದದಿಂದ ಉಜ್ಜಿ. ಆಮೇಲೂ ಸಾಲದಿದ್ದರೆ ಸೆಕೆಂಡರಿಯನ್ನು ಒಂದು ಸೆಂ.ಮೀ. ಮೇಲೆತ್ತಿ: ಕಪ್ಲಿಂಗ್ ತಗ್ಗಿ, ಕಿಡಿಗೆ ಆರಲು ಹೆಚ್ಚು ಸಮಯ ಸಿಗುತ್ತದೆ. ಇಷ್ಟಾದರೂ ಮಿಂಚು ಉದ್ದವಾಗದಿದ್ದರೆ ತಪ್ಪು ಪ್ರೈಮರಿ ಟ್ಯಾಪಿನದಿರಬಹುದು (ಪ್ರೈಮರಿ ಸುರುಳಿಗೆ ತಂತಿ ಜೋಡಿಸಿದ ಜಾಗ). ಅದನ್ನು ಕಾಲು ಸುತ್ತಿನಂತೆ ಸರಿಸಿ ನೋಡಿ.

ಪ್ರಶ್ನೆ: ಗ್ಯಾಪ್ ಕಿರಿದು ಮಾಡಿದರೆ ಕಿಡಿಗಳ ಸಂಖ್ಯೆ ಹೆಚ್ಚುತ್ತದೆ, ಮಿಂಚು ಸಣ್ಣದಾಗುತ್ತದೆ. ಯಾಕೆ?

ಉತ್ತರ: ಗ್ಯಾಪ್ ಕಿರಿದಾದರೆ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹೊತ್ತುತ್ತದೆ, ಶಕ್ತಿಯೋ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 15 ನ್ಯಾನೋಫ್ಯಾರಡ್ 12,700 ವೋಲ್ಟಿನಲ್ಲಿ 1.2 ಜೂಲ್ ಹಿಡಿಯುತ್ತದೆ, ಅರ್ಧ ವೋಲ್ಟೇಜಿನಲ್ಲಿ ಬರೀ 0.3. ಟೈಮ್‌ಬೇಸನ್ನು 2 ಮಿಲಿಸೆಕೆಂಡಿಗೆ ಬದಲಿಸಿ, 10 ಮಿಲಿಸೆಕೆಂಡಿನ ಅರ್ಧ ಆವರ್ತನದಲ್ಲಿ ಎಷ್ಟು ಕಿಡಿ ಎಂದು ಎಣಿಸಿ. ಗಿಡ್ಡ ಕಿಡಿಗಳು ಗುಂಪಾಗಿ ಬಂದರೆ ಗ್ಯಾಪ್ ಕಿರಿದು; ಅರ್ಧ ಆವರ್ತನಗಳು ಖಾಲಿ ಹೋದರೆ ಅಗಲ.

ಖಾಲಿ ಹೋಗುವುದು ಅಪಾಯ. ನಿಮ್ಮ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಸ್‌ನಲ್ಲಿ 10.6 ನ್ಯಾನೋಫ್ಯಾರಡ್ ಪೂರ್ತಿ ಅನುರಣನದ (ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಸೇರಿ ವೋಲ್ಟೇಜ್ ಏರುತ್ತಲೇ ಹೋಗುವ) ಮೌಲ್ಯ. 15 ಅದರಿಂದ ದೂರವಿಲ್ಲ. ಕಿಡಿ ಹೊತ್ತದಿದ್ದರೆ ವೋಲ್ಟೇಜ್ ಲೆಕ್ಕದಲ್ಲಿ ಎರಡು ಪಟ್ಟಿಗೂ ಮೀರಿ ಏರಿ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸುಡುತ್ತದೆ. ಆದ್ದರಿಂದ ಅಗಲವನ್ನು ನಿರ್ಧರಿಸುವಾಗ ಕೆಪಾಸಿಟರ್, ಪ್ರೈಮರಿ ಎರಡನ್ನೂ ಬಿಚ್ಚಿ, ಟ್ರಾನ್ಸ್‌ಫಾರ್ಮರಿಗೆ ಗ್ಯಾಪ್ ಒಂದನ್ನೇ ಜೋಡಿಸಿ. ಐದು ಸಂದುಗಳೂ ತಲಾ 0.5 ಮಿ.ಮೀ.ನಿಂದ ಶುರುವಾಗಲಿ. ಪ್ರತಿ ಸಲ ಪ್ಲಗ್ ಕಿತ್ತು ತುಸು ಅಗಲಿಸಿ. ಕಿಡಿ ತಪ್ಪತೊಡಗಿದ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ, ಅಲ್ಲೇ ಬಿಗಿಯಿರಿ.

ಪ್ರಶ್ನೆ: ಪ್ಲಗ್ ತೆಗೆದ ಮೇಲೆ ಕೆಪಾಸಿಟರ್ ಮುಟ್ಟಬಹುದೇ?

ಉತ್ತರ: ಬೇಡ. ಕೆಪಾಸಿಟರಿಗೆ, ಅದು ಹಲವು ಸಣ್ಣ ಕೆಪಾಸಿಟರುಗಳ ಸರಣಿಯಾಗಿದ್ದರೆ ಪ್ರತಿಯೊಂದಕ್ಕೂ, 10 ಮೆಗಾಓಮ್ ಬ್ಲೀಡರ್ ರೆಸಿಸ್ಟರ್ (ಉಳಿದ ಚಾರ್ಜನ್ನು ಇಳಿಸುವ ರೆಸಿಸ್ಟರ್) ಇರಲೇಬೇಕು. ಇದ್ದರೂ ಒಂದು ನಿಮಿಷ ಕಾದು, ಇನ್ಸುಲೇಟೆಡ್ ಕೋಲಿನ ತುದಿಯ ತಂತಿಯಿಂದ ಎರಡೂ ಕೊನೆಗಳನ್ನು ಶಾರ್ಟ್ ಮಾಡಿದ ಮೇಲೆಯೇ ಕೈ ಹಾಕಿ.