ಗಾಣಕ್ಕೆ ಸಿಕ್ಕ ಕೈ, ಆಂಬುಲೆನ್ಸ್ ಬಿಲ್ಲು

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ಮದ್ದೂರು ಕಡೆ ಹಳ್ಳಿ. ಯಜಮಾನರು ಆಲೆಮನೆಯಲ್ಲಿ ದಿನಗೂಲಿಗೆ ಹೋಗುತ್ತಿದ್ದರು. 2025ರ ಜುಲೈನಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ಸಿಕ್ಕಿಕೊಂಡು ಎರಡು ಬೆರಳು ಹೋದವು. 108ರಲ್ಲಿ ಮಂಡ್ಯಕ್ಕೆ ಕರೆತಂದೆವು. ಅಲ್ಲಿ ಕಟ್ಟು ಕಟ್ಟಿ, ಮೈಸೂರಿಗೆ ಹೋಗಿ ಅಂತ ಬರೆದುಕೊಟ್ಟರು. ರಾತ್ರಿ ಹನ್ನೊಂದು ಗಂಟೆ. ಪ್ರೈವೇಟ್ ಆಂಬುಲೆನ್ಸ್ ಮಾಡಿಕೊಂಡು ಹೋದೆವು. ಬಾಡಿಗೆ 5,500, ಜಿಎಸ್‌ಟಿ 18 ಪರ್ಸೆಂಟು 990, ಒಟ್ಟು 6,490. ಮೈದುನ ಫೋನ್‌ಪೇ ಮಾಡಿದ. ಆಮೇಲೆ ನನ್ನ ಓಲೆ ಅಡ ಇಟ್ಟು ಅವನ ಸಾಲ ತೀರಿಸಿದೆ. ಈಗ ಮಾಲೀಕರು, 'ಔಷಧಿ ಬಿಲ್ಲು ಕೊಡ್ತೀನಿ, ಗಾಡಿ ಬಾಡಿಗೆ ನನಗೆ ಸಂಬಂಧ ಇಲ್ಲ. ಕೊಟ್ಟರೂ ಪರಿಹಾರದಲ್ಲಿ ಮುರಿದುಕೊಳ್ತೀನಿ' ಅನ್ನುತ್ತಾರೆ. ಇದು ಸರಿಯಾ?

ಉತ್ತರ: ಸರಿಯಲ್ಲಮ್ಮ. ಎರಡು ಮಾತೂ ಸರಿಯಲ್ಲ.

ಮೊದಲು, ದಿನಗೂಲಿಯವರಿಗೆ ಕಾಯ್ದೆ ಇಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ನಿಮ್ಮ ಆಲೆಮನೆ ಗಾಣ ಮೋಟಾರಿನಲ್ಲೋ ಇಂಜಿನ್ನಿನಲ್ಲೋ ಓಡುತ್ತದೆ ಅಲ್ವಾ? ಅಂಥ ಕಡೆ ಸರಕು ತಯಾರಿಸುವ ಕೆಲಸಗಾರರು 1923ರ ನೌಕರರ ಪರಿಹಾರ ಕಾಯ್ದೆಗೆ ಸೇರುತ್ತಾರೆ. 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದರೆ ನಿಮ್ಮ ಯಜಮಾನರ ಕೈಗೆ ಏಟಾದದ್ದು ಅದಕ್ಕೂ ಮುಂಚೆ, ಹಾಗಾಗಿ ಹಳೆಯ ಕಾಯ್ದೆಯ ಲೆಕ್ಕವೇ ಹಿಡಿಯಬೇಕು. ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆಯ ಕಾರ್ಡ್ ಇದ್ದರೆ ಮಾತ್ರ ದಾರಿ ಬೇರೆ. ಆಲೆಮನೆಯವರಿಗೆ ಅದು ಇರುವುದು ಅಪರೂಪ.

ಆ ಕಾಯ್ದೆಯ 4(2ಎ) ಕಲಮು ಹೇಳುವುದಿಷ್ಟೇ: ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ನಿಜವಾಗಿ ಎಷ್ಟು ಖರ್ಚಾಯಿತೋ ಅಷ್ಟನ್ನು ಮಾಲೀಕರು ಕೊಡಬೇಕು. 2010ರ ಜನವರಿಯಿಂದ ಇದು ಇದೆ. ಆಂಬುಲೆನ್ಸ್ ಅನ್ನುವ ಪದ ಅಲ್ಲಿಲ್ಲ. ದರಪಟ್ಟಿಯೂ ಇಲ್ಲ. ಮಾಲೀಕರ ಕಡೆಯವರು ಹಿಡಿದುಕೊಳ್ಳುವುದು ಇದನ್ನೇ. ಆದರೆ ಎರಡು ಬೆರಳು ಕಳಕೊಂಡ ಮನುಷ್ಯ ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ನಡೆದುಕೊಂಡು ಹೋಗೋಕಾಗುತ್ತಾ? ಡಾಕ್ಟರೇ ಕಳಿಸಿದ ಮೇಲೆ ಆ ಬಾಡಿಗೆಯೂ ಚಿಕಿತ್ಸೆಯ ಖರ್ಚೇ. ಹಾಗಂತಲೇ ಕೇಳಿ.

ಮುರಿದುಕೊಳ್ಳುವ ಮಾತಿಗೂ ಉತ್ತರ ಅದೇ 4ನೇ ಕಲಮಿನಲ್ಲಿದೆ. ಚಿಕಿತ್ಸೆಗೆ ಅಂತ ಕೊಟ್ಟ ದುಡ್ಡನ್ನು ಪರಿಹಾರ ಅಂತ ಲೆಕ್ಕ ಹಾಕುವ ಹಾಗಿಲ್ಲ. ಬೆರಳಿನ ಪರಿಹಾರ ಬೇರೆ. ಒಂದು ಕೈಯ ಎರಡು ಬೆರಳು ಹೋದರೆ ಗಳಿಸುವ ಶಕ್ತಿ ಶೇ 20ರಷ್ಟು ನಷ್ಟ ಅಂತ ಕಾಯ್ದೆಯ ಪಟ್ಟಿಯಲ್ಲೇ ಇದೆ.

ಇನ್ನು ನಿಮ್ಮ ಬಿಲ್ಲು. ನಾನು ಕಾರ್ಮಿಕ ಇಲಾಖೆಯಲ್ಲಿ ಗುಮಾಸ್ತನಾಗಿದ್ದಾಗ ಒಬ್ಬರು ಸಿಗರೇಟ್ ಪ್ಯಾಕಿನ ಒಳಮೈ ಮೇಲೆ 'ಬಾಡಿಗೆ ಸಂದಾಯ' ಅಂತ ಬರೆಸಿಕೊಂಡು ಬಂದಿದ್ದರು. ಎದುರು ವಕೀಲರು ಕೇಳಿದ್ದು ಒಂದೇ ಮಾತು: ಯಾವ ಊರಿಂದ ಯಾವ ಊರಿಗೆ? ಅಷ್ಟಕ್ಕೇ ಪಾಪ, ತಡವರಿಸಿಬಿಟ್ಟರು. ನಿಮ್ಮ ಬಿಲ್ಲಿನಲ್ಲಿ ರೋಗಿಯ ಹೆಸರು, ಗಾಡಿ ನಂಬರು, ತಾರೀಕು, ಹೊರಟ ಹೊತ್ತು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್ ಅನ್ನುವುದು ಇದೆಯಾ ನೋಡಿ. ವಾಪಸ್ ಹೋಗುವ ದಾರಿಗೂ ಬಾಡಿಗೆ ಹಿಡಿದಿದ್ದರೆ, ಆಕ್ಸಿಜನ್ನಿಗೆ ಬೇರೆ ಹಾಕಿದ್ದರೆ, ಅದನ್ನೂ ಬಿಡಿಸಿ ಬರೆಸಿಕೊಳ್ಳಿ. 5,500 ನನಗೇನೋ ಜಾಸ್ತಿ ಅನಿಸಿತು. ಬಿಡಿ ಲೆಕ್ಕ ಇದ್ದರೆ ಒಪ್ಪಿಸೋದು ಸುಲಭ.

ಆ 990 ಮಾತ್ರ ಅನ್ಯಾಯ. ರೋಗಿಯನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕೆ ಜಿಎಸ್‌ಟಿಯೇ ಇಲ್ಲ, 2017ರಲ್ಲಿ ಜಿಎಸ್‌ಟಿ ಬಂದಾಗಲೇ ವಿನಾಯಿತಿ ಕೊಟ್ಟಿದ್ದಾರೆ. ಅದನ್ನು ಗಾಡಿಯವರ ಹತ್ತಿರವೇ ವಾಪಸ್ ಕೇಳಿ, ಮಾಲೀಕರ ಲೆಕ್ಕಕ್ಕೆ ಸೇರಿಸಬೇಡಿ. ಒಂದು ತಪ್ಪು ಸಾಲು ತೋರಿಸಿ ಇಡೀ ಬಿಲ್ಲನ್ನೇ ತಳ್ಳಿಹಾಕಲು ನೋಡುತ್ತಾರೆ.

'108 ಪುಕ್ಕಟೆ ಇತ್ತಲ್ಲ, ಪ್ರೈವೇಟ್ ಯಾಕೆ?' ಅಂತಲೂ ಕೇಳುತ್ತಾರೆ. ಮಂಡ್ಯದಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ಹೊತ್ತು ಇರುತ್ತದೆ. ಆ ರಾತ್ರಿ 108ಕ್ಕೆ ಫೋನ್ ಮಾಡಿದ್ದರೆ ಮೊಬೈಲಿನಲ್ಲಿ ಕರೆಯ ಗುರುತು ಉಳಿದಿರಬಹುದು, ಹುಡುಕಿ. ದುಡ್ಡು ಹೋಗಿರುವುದು ಮೈದುನನ ಖಾತೆಯಿಂದ. 'ಅಣ್ಣನ ಪರವಾಗಿ ಕೊಟ್ಟೆ, ಅತ್ತಿಗೆ ವಾಪಸ್ ಕೊಟ್ಟಿದ್ದಾರೆ' ಅಂತ ಅವನ ಕೈಯಲ್ಲಿ ನಾಲ್ಕು ಸಾಲು ಬರೆಸಿ, ಫೋನ್‌ಪೇ ರಸೀದಿ ಜೊತೆ ಇಡಿ.

ಪರಿಹಾರದ ಅರ್ಜಿಗೆ ಏಟಾದ ದಿನದಿಂದ ಎರಡು ವರ್ಷ ಗಡುವು. ಮಂಡ್ಯ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೂ ಕಾರ್ಖಾನೆ ಕೆಲಸಗಾರರಿಗೂ ಅಲ್ಲಿ ವಕೀಲರ ಫೀಸು ಇಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅಷ್ಟರೊಳಗೆ ಮಾಲೀಕರು ಛಾಪಾ ಕಾಗದ ತಂದು 'ಎಲ್ಲ ಚುಕ್ತಾ ಆಯ್ತು, ಸೈನ್ ಮಾಡಿ' ಅಂದರೆ ಮಾಡಬೇಡಿ.

ಆಂಬುಲೆನ್ಸ್ ಬಿಲ್ಲು ಆ ನುಣುಪು ಕಾಗದದ್ದೇನಾದರೂ ಆದರೆ ಅಕ್ಷರ ಮಾಸಿಹೋಗುತ್ತದೆ. ಇವತ್ತೇ ಎರಡು ಜೆರಾಕ್ಸ್ ಮಾಡಿಸಿಡಮ್ಮ.